ಲವೀನಿಯ ಕ್ರೌಡರ್ ಅವರ ಚಿನ್ನದ ಪಿನ್ನು

"ಪಿನ್ನಿಲ್ಲ!"

ಶವಪೆಟ್ಟಿಗೆಯ ಬಳಿ ನಿಂತಿದ್ದ ಗ್ಯಾಡ್ಸ್‌ಡನ್ ಕೂಗಿದರು. ನಲವತ್ತು ವರ್ಷಗಳಿಂದ ಮೇಕನ್ ಊರಿನಲ್ಲಿ ಅಂತ್ಯಕ್ರಿಯೆಯ ಏರ್ಪಾಟು ನೋಡಿಕೊಂಡು ಬಂದವರು. ಅವರ ಕೈಯಲ್ಲಿ ಹೀಗಾದದ್ದು ಇದೇ ಮೊದಲು.

ಬಾಗಿಲಲ್ಲಿದ್ದ ಅರ್ಲೀನ್ ಟಿಬ್ಸ್ ಒಳಗೆ ಬಂದರು. ಇಪ್ಪತ್ತಾರು ವರ್ಷ ಪೊಲೀಸ್ ಪತ್ತೇದಾರರಾಗಿ ದುಡಿದು ನಿವೃತ್ತರಾದ ಆಕೆ, ಈಗ ಪೆನಿಯೇಲ್ ಚರ್ಚಿಗೆ ಬಂದವರನ್ನು ಬರಮಾಡಿಕೊಳ್ಳುವ ಸೇವೆಯಲ್ಲಿದ್ದರು.

ಪೆಟ್ಟಿಗೆಯಲ್ಲಿ ಲವೀನಿಯ ಕ್ರೌಡರ್ ಮಲಗಿದ್ದರು. ಎಂಬತ್ತೊಂದು ವರ್ಷದ ಶಾಲಾ ಶಿಕ್ಷಕಿ. ಕೆನೆಬಣ್ಣದ ರೇಷ್ಮೆಯ ಉಡುಪು. ಎಡ ಎದೆಯ ಮೇಲೆ ಮುತ್ತಿನ ಅಂಚಿನ ಚಿನ್ನದ ಪಿನ್ನು ಇರಬೇಕಿತ್ತು — ಕಾಲೇಜಿನಲ್ಲಿ ಗುಟ್ಟಿನ ಆಣೆಯಿಟ್ಟು ಸೇರಿ, ಬದುಕಿಡೀ ಉಳಿಯುವ ಹೆಂಗಸರ ಸೋದರಿ ಸಂಘದ ಗುರುತು.

"ಯಾವಾಗ ಚುಚ್ಚಿದ್ರಿ?"

"ಎಂಟು ಗಂಟೆಗೆ. ಈ ಕೈಯಾರೆ. ಮಿಸೆಸ್ ಪಿಂಕ್‌ಸ್ಟನ್ ತಂದ್ಕೊಟ್ರು."

ಎಂಟರಿಂದ ಬಾಗಿಲಲ್ಲಿ ಅರ್ಲೀನ್ ತಾವೇ ಇದ್ದರು. ಗ್ಯಾಡ್ಸ್‌ಡನ್ ಹೊರಬಂದ ಮೇಲೆ ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದವರು ಮೂವರು. ಪಾಸ್ಟರ್ ಹೊಲೊಮನ್. ಮಗಳು ರೆನೀಟಾ. ಸಂಘದ ಊರ ಶಾಖೆಯ ಅಧ್ಯಕ್ಷೆ ಒರೀಲಿಯ ಪಿಂಕ್‌ಸ್ಟನ್.

ಸುದ್ದಿ ಮೆಟ್ಟಿಲಿನವರೆಗೂ ಹೋಯಿತು. ಅಲ್ಲಿ ಸಂಘದ ಬಿಳಿಯುಡುಪಿನ ಇಪ್ಪತ್ತು ಹೆಂಗಸರು ಕಾಯುತ್ತಿದ್ದರು. ತೀರಿಹೋದ ಸೋದರಿಯ ಸುತ್ತ ನಿಂತು ಸಂಘದ ವಿಧಿ ನಡೆಸಬೇಕೆಂಬುದು ಅವರ ಹಟ. ಚರ್ಚಿನೊಳಗೆ ಅದು ಕೂಡದೆಂದು ಪಾಸ್ಟರ್ ಹೇಳಿಬಿಟ್ಟಿದ್ದರು.

"ಕದ್ದೋರು ಯಾರಂತ ಬೇರೆ ಕೇಳ್ಬೇಕಾ?" ಒಬ್ಬಳು ಕೂಗಿದಳು. "ಹೆತ್ತವಳ ಮೈಮೇಲಿನದನ್ನೂ ಬಿಡ್ಲಿಲ್ಲ ಆ ಮಗಳು! ಪೊಲೀಸರನ್ನ ಕರೀರಿ!"

ರೆನೀಟಾಳೂ ಅದೇ ಸಂಘದವಳಾಗಿದ್ದಳು. ಎರಡು ವರ್ಷದ ಹಿಂದೆ ಇದೇ ಚರ್ಚಿನಲ್ಲಿ ಎದ್ದು ನಿಂತು, ಗುಟ್ಟಿನ ಆಣೆಯನ್ನು ತೊರೆದೆ ಎಂದು ಎಲ್ಲರೆದುರು ಸಾರಿದ್ದಳು. ಅಂದಿನಿಂದ ತಾಯಿ ಮಗಳಿಗೆ ಮಾತಿರಲಿಲ್ಲ.

ಅರ್ಲೀನ್ ಮೊದಲು ಪಾಸ್ಟರನ್ನು ಕೇಳಿದರು.

"ಆ ಪಿನ್ನು ನಿಮಗೆ ಇಷ್ಟವಿರ್ಲಿಲ್ಲ, ಅಲ್ವಾ?"

"ಇರ್ಲಿಲ್ಲ. ಏನು ಅಂತ ಗೊತ್ತಾಗೋ ಮೊದಲೇ ಆಣೆ ಇಡೋದು, ದೇವರಿಗೆ ಊರಿದ ಮಂಡೀನ ಇನ್ನೊಂದು ಪೀಠದ ಮುಂದೆ ಊರೋದು — ತಪ್ಪು ಅಂತ ಎಷ್ಟೋ ಸಲ ಹೇಳಿದೀನಿ. ಆದ್ರೆ ಸತ್ತವರ ಮೇಲೆ ಕೈ ಹಾಕೋ ಮನುಷ್ಯ ನಾನಲ್ಲ, ಸಿಸ್ಟರ್ ಟಿಬ್ಸ್."

ರೆನೀಟಾ ಮೊದಲ ಸಾಲಿನಲ್ಲಿ ಕುಸಿದು ಕೂತಿದ್ದಳು. ಕಪ್ಪು ಕೋಟಿನ ತೋಳಿನಲ್ಲಿ ಗುಂಡಿ ಹೋದ ಜಾಗಕ್ಕೆ ಸೇಫ್ಟಿಪಿನ್ನು ಸಿಕ್ಕಿಸಿಕೊಂಡಿದ್ದಳು.

"ನಾನು ಮುಖ ಮಾತ್ರ ನೋಡ್ದೆ. ಪಿನ್ನು ಇತ್ತೋ ಇಲ್ವೋ, ಗೊತ್ತಿಲ್ಲ. ನಂಬ್ತೀರೋ ಬಿಡ್ತೀರೋ."

ಒರೀಲಿಯ ಕಿಟಕಿಯ ಬಳಿ ನಿಂತಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಹೊಲಿಗೆ ಕಲಿಸಿದವರು. ಲವೀನಿಯ ಅವರ ಜೀವದ ಗೆಳತಿ.

"ಅರ್ಧ ಗಂಟೆ ಒಳಗಿದ್ರಿ. ಏನು ಮಾಡ್ತಿದ್ರಿ?"

"ಮಾತಾಡ್ತಿದ್ದೆ."

"ಯಾರ ಹತ್ರ?"

"ಅವಳ ಹತ್ರ. ಇನ್ಯಾರ ಹತ್ರ?"

ಹೊರಗೆ ಗಲಾಟೆ ಏರುತ್ತಿತ್ತು. ಎಲ್ಲರೂ ಪಿನ್ನನ್ನು ಹುಡುಕುತ್ತಿದ್ದರು — ಬೆಂಚು, ನೆಲ. ಅರ್ಲೀನ್ ಪೆಟ್ಟಿಗೆಯ ಮೇಲೆ ಬಾಗಿ ಬಟ್ಟೆಯನ್ನು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಆಮೇಲೆ ಆ ಮೂವರನ್ನೂ ಕರೆದು ಬಾಗಿಲು ಹಾಕಿದರು.

"ಪಿನ್ನು ಎಲ್ಲಿ ಅಂತ ಎಲ್ಲರೂ ಕೇಳಿದ್ರು. ಪಿನ್ನಿನ ತೂತು ಎಲ್ಲಿ ಅಂತ ಯಾರೂ ಕೇಳ್ಲಿಲ್ಲ. ಚುಚ್ಚಿದ್ದು ನಿಜ ಆದ್ರೆ ರೇಷ್ಮೆಯಲ್ಲಿ ಎರಡು ತೂತು ಇರ್ಬೇಕು. ಇಲ್ಲ. ಆ ಜಾಗದಲ್ಲಿ ಕಂಡೂ ಕಾಣದ ಹಾಗೆ ಎರಡು ಹೊಲಿಗೆ ಇವೆ, ಅದೇ ಬಣ್ಣದ ದಾರದಲ್ಲಿ. ದ್ವೇಷದಿಂದ ತೆಗೆದವರು ಕಿತ್ಕೊಂಡು ಹೋಗ್ತಾರೆ. ಕೂತು ಹೊಲಿಯಲ್ಲ. ಪಾಸ್ಟರ್ ಎರಡೇ ನಿಮಿಷ ಒಳಗಿದ್ರು. ರೆನೀಟಾಗೆ ತನ್ನ ಕೋಟಿನ ಗುಂಡಿ ಹೊಲ್ಕೊಳ್ಳೋಕೂ ಬರಲ್ಲ." ಅರ್ಲೀನ್ ತಿರುಗಿದರು. "ಯಾಕೆ ತೆಗೆದ್ರಿ, ಒರೀಲಿಯ?"

ಒರೀಲಿಯ ತಮ್ಮ ಚೀಲ ತೆರೆದರು. ಸೂಜಿದಾರದ ಪಕ್ಕ, ಕರವಸ್ತ್ರದಲ್ಲಿ ಪಿನ್ನು. ಅದರ ಕೆಳಗೆ ಒಂದು ಪತ್ರ.

"ಲವೀನಿಯ ಅಂಗಿಯಲ್ಲಿ ತೂತು ಇಟ್ಕೊಂಡು ಯಾವತ್ತಾದ್ರೂ ಹೊರಗೆ ಹೋಗಿದ್ದಳಾ?" ಎಂದರು. ಆಮೇಲೆ ಕೂತುಬಿಟ್ಟರು. "ಈ ಪತ್ರ ಮೇ ತಿಂಗಳಲ್ಲಿ ಕೊಟ್ಟಳು. ಸಂಘಕ್ಕೆ ರಾಜೀನಾಮೆ. ಮೊದಲು ಇದನ್ನ ನೆಟ್ಟಗೆ ಮುಗಿಸ್ತೀನಿ, ಆಮೇಲೆ ಮಗಳ ಮನೆಗೆ ಹೋಗ್ತೀನಿ ಅಂದಳು. ನಾನು ಅದನ್ನ ಸಂಘದ ಮುಖ್ಯ ಕಚೇರಿಗೆ ಕಳಿಸ್ಲೇ ಇಲ್ಲ. ಕೇಳಿದಾಗೆಲ್ಲ, ಉತ್ತರ ಇನ್ನೂ ಬಂದಿಲ್ಲ ಅಂತಿದ್ದೆ. ಮನಸ್ಸು ಬದಲಾಯಿಸ್ತಾಳೆ ಅಂದ್ಕೊಂಡೆ. ಆಗಸ್ಟಿನಲ್ಲಿ ಲಕ್ವ ಹೊಡೆದು ಬಿದ್ದಳು, ಮಾತು ಹೋಯ್ತು. ಇವತ್ತು ಪಿನ್ನನ್ನೂ ನಾನೇ ತಂದೆ. ಆದ್ರೆ ಅದನ್ನ ಅವಳ ಮೈಮೇಲೆ ನೋಡ್ದಾಗ... ಸತ್ತವಳ ಕೈಲಿ ಸುಳ್ಳು ಹೇಳಿಸ್ತಿದೀನಿ ಅನ್ನಿಸ್ತು."

ರೆನೀಟಾ ಪತ್ರ ಓದಿದಳು. ಮೂರೇ ಸಾಲು. ಸಂಘದಲ್ಲಿ ನನಗೆ ಒಳ್ಳೆಯದೇ ಆಗಿದೆ, ಯಾರ ಮೇಲೂ ಕೋಪವಿಲ್ಲ. ಆದರೆ ಮಗಳಿಗೆ ಹೇಳಲಾಗದ ಆಣೆಯನ್ನು ಹೊತ್ತು ದೇವರ ಮುಂದೆ ನಿಲ್ಲಲಾರೆ. ದಯವಿಟ್ಟು ಬಿಡಿಸಿ.

"ನನ್ನ ಮನೆಗೆ ಇಪ್ಪತ್ತು ನಿಮಿಷದ ದಾರಿ, ಆಂಟಿ," ರೆನೀಟಾ ಅಂದಳು. "ಮೂರು ತಿಂಗಳು ಕಾಯಿಸಿದ್ರಿ."

"ಹೌದು."

"ನಾನೂ ಕಾಯ್ತಿದ್ದೆ."

ಒರೀಲಿಯ ಚೀಲ ಮುಚ್ಚಿದರು.

ಒರೀಲಿಯ ಎದ್ದು ಹೊರಗೆ ಹೋದರು. ಮೆಟ್ಟಿಲ ಮೇಲೆ ನಿಂತು, ಪಿನ್ನು ತೆಗೆದವಳು ತಾನೇ, ಲವೀನಿಯ ಸಂಘ ಬಿಟ್ಟಿದ್ದಳು, ವಿಧಿ ನಡೆಯುವುದಿಲ್ಲ ಎಂದು ಬಿಳಿಯುಡುಪಿನವರಿಗೆ ತಿಳಿಸಿದರು. ಆಮೇಲೆ ಒಳಬಂದು, ತಲೆ ತಗ್ಗಿಸಿ, ಎಲ್ಲಕ್ಕಿಂತ ಹಿಂದಿನ ಬೆಂಚಿನತ್ತ ನಡೆದರು.

"ಅಲ್ಲಲ್ಲ," ರೆನೀಟಾ ಮುಂದಿನ ಸಾಲಿನಿಂದ ಕರೆದಳು. ದನಿ ಗಡುಸಾಗಿಯೇ ಇತ್ತು. "ನಿಮ್ಮನ್ನ ಕ್ಷಮಿಸಿಲ್ಲ. ಆದ್ರೆ ಆ ಮೂರು ತಿಂಗಳು ಅಮ್ಮ ಏನೇನು ಮಾತಾಡಿದ್ಳು ಅಂತ ಗೊತ್ತಿರೋರು ನೀವೊಬ್ರೇ. ಇಲ್ಲಿ ಬಂದು ಕೂತ್ಕೊಳ್ಳಿ. ಹೇಳಿ."