ಮೊಳೆಗೆ ತೂಗುಹಾಕಿದ ಟೋಪಿ

ಮೆಣಸಿನಕಾಯಿ ಬಿಡಿಸುವ ಕಾಲ. ಈ ದಿನಗಳಲ್ಲಿ ಕುರುಗೋಡಿನಲ್ಲಿ ಕೋಳಿ ಕೂಗುವ ಮೊದಲೇ ಯಾರೋ ಸೀನುತ್ತಾರೆ. ಊರ ಸುತ್ತಲಿನ ಕಣಗಳಲ್ಲೆಲ್ಲ ಕೆಂಪಗೆ ಕಾಯಿ ಹರವಿರುತ್ತಾರೆ. ಗಾಳಿ ಸ್ವಲ್ಪ ತಿರುಗಿದರೆ ಸಾಕು, ಘಾಟು ನೇರ ಮೂಗಿಗೆ.

ಏಳು ಗಂಟೆಗೇ ಜಂಬಮ್ಮನ ಹೊಲಿಗೆ ಮಷಿನ್ ಕಟಕಟ ಅನ್ನುತ್ತಿತ್ತು. ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಲ್ಲಿ ಉಳಿದ ತುಂಡು ಬಟ್ಟೆಯನ್ನು ಅವಳು ಕೆಜಿ ಲೆಕ್ಕದಲ್ಲಿ ತರುತ್ತಾಳೆ. ಅದನ್ನು ಜೋಡಿಸಿ, ಕಾಯಿ ಬಿಡಿಸುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ ಹೊಲಿಯುತ್ತಾಳೆ. ಮಗಳು ಗಂಗೋತ್ರಿ ಐದನೇ ಕ್ಲಾಸು. ಶಾಲೆಗೆ ಹೋಗುವ ಮುಂಚೆ ಚೀಲದ ದಾರದ ತುದಿ ಕತ್ತರಿಸುವುದು ಅವಳ ಕೆಲಸ.

ರಸ್ತೆಯಲ್ಲಿ ಆಟೋ ಹಾರ್ನ್ ಹೊಡೆಯಿತು. ಕೂಲಿಗೆ ಹೊರಟಿದ್ದ ಉಚ್ಚೆಂಗೆಮ್ಮ ಓಡಿ ಬಂದಳು.

"ಜಂಬಮ್ಮಾ, ನನ್ನ ಚೀಲ ಕೊಡಬೇ! ಬಾದನಹಟ್ಟಿಗೆ ಹೋಗಾಕ ಹೊತ್ತಾತು."

ಚೀಲ ಗೋಡೆಯ ಮೊಳೆಗೆ ತೂಗುತ್ತಿತ್ತು. ಅದರ ಒಂದು ಕಡೆ ಕಟ್ಟುವ ಪಟ್ಟಿ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಜಂಬಮ್ಮನ ರೂಲೇ ಹಾಗೆ. ದುಡ್ಡು ಕೈಗೆ ಬರುವವರೆಗೂ ಕೊನೆಯ ಪಟ್ಟಿ ಹೊಲಿಯುವುದಿಲ್ಲ. ಒಂದೇ ಪಟ್ಟಿಯ ಚೀಲ ಯಾರ ಸೊಂಟಕ್ಕೂ ನಿಲ್ಲುವುದಿಲ್ಲ.

"ಐವತ್ತು ರೂಪಾಯಿ," ಎಂದು ಗಂಗೋತ್ರಿ ಕೈ ಚಾಚಿದಳು.

"ಅಯ್ಯ, ಇಕಿ ಬಸ್ ಕಂಡಕ್ಟರ್ ಆಗ್ಯಾಳ ನೋಡು!" ಉಚ್ಚೆಂಗೆಮ್ಮ ನಗುತ್ತಾ ಸೆರಗಿನ ಗಂಟು ಬಿಚ್ಚಿ ಎಣಿಸಿಕೊಟ್ಟಳು. "ನನ್ನ ಸೊಸಿಗೂ ಒಂದು ಬೇಕವಾ. ಹೊಲದಿಡು."

ಮಷಿನ್ ಎರಡು ಸಲ ಕಟಕಟ ಅಂದಿತು. ಪಟ್ಟಿ ಕೂತಿತು. ಆಟೋ ಹೋಯಿತು.

ಗಂಗೋತ್ರಿ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಶನಿವಾರ ಶಾಲೆಯಿಂದ ಸಂಗನಕಲ್ಲಿಗೆ ಟ್ರಿಪ್. ಅಲ್ಲಿನ ಗುಡ್ಡದಲ್ಲಿ ತಟ್ಟಿದರೆ ಗಂಟೆಯಂತೆ ಸದ್ದು ಮಾಡುವ ಬಂಡೆ ಇದೆಯಂತೆ. ಇನ್ನೂರೈವತ್ತು ರೂಪಾಯಿ. ನಾಳೆ ಶುಕ್ರವಾರ ಬೆಲ್ ಹೊಡೆಯುವುದರೊಳಗೆ ಕೊಡದಿದ್ದರೆ ಬಸ್ಸಿನಲ್ಲಿ ಸೀಟಿಲ್ಲ ಎಂದು ರಾಮಾಂಜಿನಿ ಸರ್ ಹೇಳಿದ್ದರು. ಅವ್ವನ ದುಡ್ಡೆಲ್ಲ ಮೊನ್ನೆಯಷ್ಟೇ ಬಟ್ಟೆ ಗಂಟಿಗೆ ಹೋಗಿತ್ತು. ಉಚ್ಚೆಂಗೆಮ್ಮನದು ಐವತ್ತು. ಇನ್ನು ನಾಲ್ಕು ಚೀಲ ಆದರೆ ಆಯಿತು.

ಅಷ್ಟರಲ್ಲಿ ಬೈಕಿನ ಮೇಲೆ ರಟ್ಟಿನ ಡಬ್ಬಿ ಇಟ್ಟುಕೊಂಡು ವೀರೇಶ್ ಬಂದ. ಅವನದು ಮೊಬೈಲ್ ಅಂಗಡಿ. 'ಸಣ್ಣ ವ್ಯಾಪಾರಿಗಳ ಬೆಂಬಲ ಬಳಗ'ದ ಕಾರ್ಯದರ್ಶಿ ಅವನೇ. ಬಳಗ ಯಾರಿಗಾದರೂ ಬೆಂಬಲ ಕೊಟ್ಟಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಅದರ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ದಿನವೂ ಸುದ್ದಿ ಬರುತ್ತಿತ್ತು. ಅಧ್ಯಕ್ಷರು ಬೇಕರಿಯ ರಿಬ್ಬನ್ ಕತ್ತರಿಸಿದರು. ಅಧ್ಯಕ್ಷರು ಹೊಸ ಹೋಟೆಲಿನಲ್ಲಿ ಚಹಾ ಕುಡಿದರು. ಅಧ್ಯಕ್ಷರ ಕೆಮ್ಮು ಕಡಿಮೆಯಾಯಿತು.

"ನಾಳಿ ಜಾಥಾ ಐತಿ ಅಕ್ಕಾ," ಎಂದ ವೀರೇಶ್. "ಅರವತ್ತು ಟೊಪಿಗಿ ತರಿಸೀವಿ. ಸ್ವಲ್ಪ ಸೈಜ್ ಪ್ರಾಬ್ಲಂ ಆಗೈತಿ."

ಅವನು ಒಂದನ್ನು ತಲೆಗೆ ಇಟ್ಟು ತೋರಿಸಿದ. ಕುಂಬಳಕಾಯಿ ಮೇಲೆ ಚಹಾ ಕಪ್ಪು ಕವುಚಿದಂತೆ ಕೂತಿತು. ಆರ್ಡರ್ ಮಾಡುವಾಗ 'ಕಿಡ್ಸ್' ಎಂದು ಬರೆದಿದ್ದನ್ನು ಬಳಗದಲ್ಲಿ ಯಾರೂ ಓದಿರಲಿಲ್ಲ.

ಗಂಗೋತ್ರಿ ಒಂದನ್ನು ಹಾಕಿಕೊಂಡಳು. ಅವಳಿಗೆ ಸರಿಯಾಗಿ ಕೂತಿತು.

"ಎಲ್ಲಿಂದ ತರಿಸಿದ್ರಿ ಅಣ್ಣಾ?"

"ಆನ್‌ಲೈನ್. ಆಫರ್ ಇತ್ತು."

ಗಂಗೋತ್ರಿ ಟೋಪಿ ತೆಗೆದು, ಮುಂದೆ ಅಚ್ಚು ಹಾಕಿದ್ದನ್ನು ಜೋರಾಗಿ ಓದಿದಳು. "ನಮ್ಮೂರಿನಲ್ಲೇ ಕೊಳ್ಳಿ."

ವೀರೇಶ್ ಕೆಮ್ಮಿದ. "ಸಾಲ್ಯಾಗ ಓದಾಕ ಚಲೋ ಕಲಿಸ್ಯಾರ."

"ಅವ್ವನ ಕಡೀಂದ ಹೊಲಿಸಿದ್ರ ಆಗ್ತಿದ್ದಿಲ್ಲೇನು?"

"ಫಿನಿಷಿಂಗ್ ಬೇಕಲ್ಲವಾ ಪುಟ್ಟಿ. ಇದು ದೊಡ್ಡ ಪ್ರೋಗ್ರಾಂ." ಅವನು ಜಂಬಮ್ಮನ ಕಡೆ ತಿರುಗಿದ. "ಹಿಂದ ಸೀಳಿ ಜೀನ್ಸ್ ತುಂಡು ಕೂಡ್ಸಿ ಅಗಲ ಮಾಡಬೇಕಕ್ಕ. ಒಂದಕ್ಕ ಹತ್ತು ರೂಪಾಯಿ. ನಾಳಿ ಒಯ್ಯಾಕ ಬಂದಾಗ ಆರುನೂರೂ ಕೊಟ್ಟುಬಿಡ್ತೀನಿ."

ಹೋಗುವ ಮುಂಚೆ ಜಂಬಮ್ಮನ ಒಂದು ಫೋಟೋ ಹೊಡೆದುಕೊಂಡ. ಅವಳು ತಲೆಗೂದಲು ಸರಿಮಾಡಿಕೊಳ್ಳುವಷ್ಟೂ ಪುರಸೊತ್ತು ಕೊಡಲಿಲ್ಲ.

ಅವತ್ತು ಚೀಲ ಕೇಳಿ ಬಂದ ಮೂವರನ್ನು ಜಂಬಮ್ಮ ವಾಪಸ್ ಕಳಿಸಿದಳು. ಶಾಲೆಯಿಂದ ಬಂದ ಗಂಗೋತ್ರಿ ನೀಲಿ ತುಂಡುಗಳನ್ನು ಮೂರು ಮೂಲೆಯಾಗಿ ಕತ್ತರಿಸಿ ಕೊಟ್ಟಳು. ದೀಪ ಹಚ್ಚುವ ಹೊತ್ತಿಗೆ ಡಬ್ಬಿಯ ತಳದಲ್ಲಿ ಕೆಲವೇ ಟೋಪಿ ಉಳಿದವು.

"ಅವ್ವಾ, ಕೊನಿ ಹೊಲಿಗಿ ಬಿಟ್ಟಿಲ್ಲಲ್ಲ ನೀನು?"

"ದೊಡ್ಡೋರದು ಕಣವ್ವ. ಕೊಡ್ತಾರ."

"ಉಚ್ಚೆಂಗೆಮ್ಮಗ ಒಂದು ರೂಲು, ಇವ್ರಿಗೆ ಒಂದು ರೂಲೇನು?"

"ಬಾಯಿ ಮುಚ್ಚಿ ಕತ್ತರಿಸು."

ಆಗ ಫೋನ್ ಟಿಣ್ ಅಂದಿತು. ಗ್ರೂಪಿನಲ್ಲಿ ಸುದ್ದಿ. ಕೂದಲು ಕೆದರಿದ ಅವ್ವನ ಫೋಟೋ. ಕೆಳಗೆ ಬರೆದದ್ದನ್ನು ಗಂಗೋತ್ರಿ ಓದಿದಳು. "ನಮ್ಮ ಬಳಗದಿಂದ ಬಡ ಮಹಿಳೆಗೆ ಆಸರೆ. ಅಧ್ಯಕ್ಷರ ದೊಡ್ಡ ಮನಸ್ಸು." ಅದರ ಕೆಳಗೆ ಸಾಲಾಗಿ ಚಪ್ಪಾಳೆ ತಟ್ಟುವ ಕೈಗಳು.

ಜಂಬಮ್ಮ ಬಹಳ ಹೊತ್ತು ಆ ಫೋಟೋ ನೋಡಿದಳು.

"ಎಷ್ಟು ಚಪ್ಪಾಳಿ ಅದಾವ?"

"ನಲವತ್ತೊಂದು."

"ಬಾಬಿನ್‌ಗೆ ದಾರದಂಗ ಸುತ್ತಾಕ ಬರ್ತಾವೇನು ನೋಡು."

ಕೊನೆಗೆ ಉಳಿದದ್ದು ಅಧ್ಯಕ್ಷರ ಟೋಪಿ. ಅದಕ್ಕೆ ಮಾತ್ರ ಸುತ್ತಲೂ ಜರಿ ಪಟ್ಟಿ. ಜಂಬಮ್ಮ ಅದರ ಹಿಂಭಾಗ ಸೀಳಿ, ನೀಲಿ ತುಂಡನ್ನು ಒಂದು ಕಡೆ ಹೊಲಿದಳು. ಇನ್ನೊಂದು ಕಡೆ ಹೊಲಿಯಲು ತಿರುಗಿಸಿದವಳು ಚಕ್ರದ ಮೇಲೆ ಕೈ ಇಟ್ಟಳು. ಮಷಿನ್ ನಿಂತಿತು. ಟೋಪಿಯನ್ನು ಮಗಳ ಕಡೆ ಚಾಚಿದಳು.

ಗಂಗೋತ್ರಿ ಅದನ್ನು ಮೊಳೆಗೆ ತೂಗುಹಾಕಿದಳು.

ಮಾರನೆಯ ದಿನ ಒಂಬತ್ತು ಗಂಟೆಗೆ ಬಸ್ ಸ್ಟ್ಯಾಂಡಿನ ಕಡೆಯಿಂದ ಡೊಳ್ಳಿನ ಸದ್ದು ಕೇಳುತ್ತಿತ್ತು. ವೀರೇಶ್ ಡಬ್ಬಿಯನ್ನು ಎತ್ತಿ ಬೈಕಿಗೆ ಕಟ್ಟಿಯೂ ಆಗಿತ್ತು.

"ದುಡ್ಡು?" ಎಂದಳು ಜಂಬಮ್ಮ.

"ಖಜಾಂಚಿ ಸಿರುಗುಪ್ಪಕ್ಕ ಹೋಗ್ಯಾನಕ್ಕ. ಆಮ್ಯಾಲ ನೋಡೋಣ. ಮತ್ತ ನಿನಗ ಪುಕ್ಕಟ ಪ್ರಚಾರ ಸಿಕ್ಕೈತಲ್ಲ! ಇದನ್ನ ಒಂದು ಸೇವಾ ಅಂತ ತಿಳ್ಕೋ." ಅವನು ಡಬ್ಬಿಯೊಳಗೆ ಕೈಯಾಡಿಸಿದ. "ಅಧ್ಯಕ್ಷರದು ಎಲ್ಲೈತಿ?"

ಜಂಬಮ್ಮ ಮೊಳೆ ತೋರಿಸಿದಳು.

"ಅಯ್ಯಯ್ಯ, ಹರದೈತಲ್ಲ!"

"ಹರದಿಲ್ಲ. ಕೊನಿ ಹೊಲಿಗಿ ಬಾಕಿ ಐತಿ. ದುಡ್ಡು ಬಂದ ಮ್ಯಾಲ ಹಾಕ್ತೀನಿ."

ವೀರೇಶ್ ಬೇಡಿಕೊಂಡ, ಗದರಿದ, ಮತ್ತೆ ಬೇಡಿಕೊಂಡ. ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಅಧ್ಯಕ್ಷ ದೊಡ್ಡಬಸವರಾಜ ಇಳಿದರು. ಬಿಳಿ ಅಂಗಿ, ಬಿಳಿ ಪಂಚೆ, ಕೊರಳಲ್ಲಿ ಹಾರ, ಬರಿ ತಲೆ. ಕಬ್ಬಿಣದ ಅಂಗಡಿ ಇಟ್ಟಿದ್ದ ಅವರ ದನಿಯೂ ಕಬ್ಬಿಣದ್ದೇ.

"ಫೋಟೋದವನು ಕಾಯಾಕತ್ತ್ಯಾನ. ಏನಲೇ ಇದು?"

ವೀರೇಶ್ ತೊದಲುತ್ತಾ ಹೇಳಿದ.

"ಆರುನೂರು ರೂಪಾಯಿಗೆ ನನ್ನ ನಿಲ್ಲಸ್ತೀಯೇನಮ್ಮ?"

ಜಂಬಮ್ಮ ತಲೆ ತಗ್ಗಿಸಿದಳು. ಆದರೆ ಟೋಪಿಗೆ ಕೈ ಹಾಕಲಿಲ್ಲ.

"ಉಚ್ಚೆಂಗೆಮ್ಮನ್ನ ಐವತ್ತಕ್ಕ ನಿಲ್ಲಸ್ತಾಳ್ರಿ," ಎಂದಳು ಗಂಗೋತ್ರಿ.

ಅಧ್ಯಕ್ಷರು ಆ ಉಚ್ಚೆಂಗೆಮ್ಮ ಯಾರು ಎಂದು ಯೋಚಿಸುವಂತೆ ಕಂಡರು. ಡೊಳ್ಳಿನ ಸದ್ದು ಜೋರಾಯಿತು. ಜೇಬಿನಿಂದ ಐದುನೂರರ ಒಂದು ನೋಟು ತೆಗೆದು ಮಷಿನ್ ಮೇಲೆ ಎಸೆದರು. "ಚಿಲ್ಲರಿ ಇಲ್ಲ. ನೂರು ಆಮ್ಯಾಲ."

ಜಂಬಮ್ಮ ಮಷಿನ್ ಮುಟ್ಟಲಿಲ್ಲ. ಕೈಸೂಜಿಯಿಂದ ಉದ್ದುದ್ದ ಐದೇ ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಚ್ಚಿದಳು.

"ಐದುನೂರಕ್ಕ ಇಷ್ಟ್ರಿ. ಉಳದದ್ದು ನೂರು ಬಂದ ಮ್ಯಾಲ."

ಅವರು ಕೇಳಿಸಿಕೊಳ್ಳಲಿಲ್ಲ. ಟೋಪಿ ಕಸಿದುಕೊಂಡು ಜೀಪು ಹತ್ತಿದರು.

ಅವ್ವ ಕಿರಾಣಿ ಅಂಗಡಿಯಲ್ಲಿ ನೋಟು ಮುರಿಸಿ ಕೊಟ್ಟ ಇನ್ನೂರೈವತ್ತನ್ನು ಮುಷ್ಟಿಯಲ್ಲಿ ಹಿಡಿದು ಗಂಗೋತ್ರಿ ಶಾಲೆಗೆ ಓಡಿದಳು. ದಾರಿಯಲ್ಲಿ ಜಾಥಾ ಎದುರಾಯಿತು. ಅದು ಮುಂದೆ ಹೋದ ಮೇಲೆ ಹಿಂದಿನಿಂದ ನೋಡಿದಳು. ಅರವತ್ತು ತಲೆಗಳ ಹಿಂದೆ ಅರವತ್ತು ನೀಲಿ ತುಂಡು. ಆ ಇಡೀ ಜಾಥಾದಲ್ಲಿ ಊರಲ್ಲಿ ಕೊಂಡದ್ದು ಅದೊಂದೇ.

ಅಧ್ಯಕ್ಷರು ಕೈ ಮೇಲೆತ್ತಿ ಕೂಗಿದರು. "ನಮ್ಮೂರಿನಲ್ಲೇ—"

ಐದು ಹೊಲಿಗೆಯೂ ಒಟ್ಟಿಗೆ ಬಿಚ್ಚಿದವು. ಹಸಿದ ಗುಬ್ಬಿಮರಿಯಂತೆ ಟೋಪಿ ಹಿಂದೆ ಬಾಯಿ ತೆರೆದು, ಜಿಗಿದು ನೆತ್ತಿಯ ಮೇಲೆ ಕೂತಿತು. ಹಿಂದಿದ್ದವರೆಲ್ಲ ನೋಡಿದರು. ಒಬ್ಬರೂ ಹೇಳಲಿಲ್ಲ. "—ಕೊಳ್ಳಿ!" ಎಂದು ಎಲ್ಲರೂ ಅಷ್ಟೇ ಜೋರಾಗಿ ಕೂಗಿದರು.

ಸಂಜೆ ಗ್ರೂಪಿನಲ್ಲಿ ಸುದ್ದಿ ಬಂತು, ಜಾಥಾ ಯಶಸ್ವಿ ಅಂತ. ಫೋಟೋ ಮುಂದಿನಿಂದ ಹೊಡೆದದ್ದು. ನೂರು ರೂಪಾಯಿ ಬರಲಿಲ್ಲ.

ಶನಿವಾರ ಬೆಳಿಗ್ಗೆ ಟ್ರಿಪ್ಪಿಗೆ ಹೊರಟು ನಿಂತಿದ್ದ ಗಂಗೋತ್ರಿ, ಆಟೋದ ಹಾರ್ನ್ ಕೇಳಿ ಅಭ್ಯಾಸದಂತೆ ಕೈ ಚಾಚಿದಳು. ಬಾಗಿಲಲ್ಲಿ ಉಚ್ಚೆಂಗೆಮ್ಮ. ಅವಳ ಹಿಂದೆ ಹೊಸ ಸೊಸೆ. ಸೊಸೆಯ ಚೀಲ ಒಂದೇ ಪಟ್ಟಿಯಲ್ಲಿ ಮೊಳೆಗೆ ತೂಗುತ್ತಿತ್ತು.

ಉಚ್ಚೆಂಗೆಮ್ಮ ಈ ಸಲ ಸೆರಗಿನ ಗಂಟಿಗೆ ಕೈ ಹಾಕಲಿಲ್ಲ. "ಮೇಸ್ತ್ರಿ ಕೂಲಿ ಸೋಮವಾರ ಕೊಡ್ತಾನಂತವಾ. ಚೀಲ ಅವತ್ತೇ ಒಯ್ತೀನಿ ಬಿಡು. ಇವತ್ತು ಇಕಿ ಸೀರಿ ಉಡ್ಯಾಗ ಹಾಕ್ಕೊಂಡು ಬಿಡಸ್ತಾಳ." ಹೇಳಿ ತಿರುಗಿದಳು.

ಜಂಬಮ್ಮ ಎದ್ದು ಚೀಲವನ್ನು ಮೊಳೆಯಿಂದ ತೆಗೆದಳು. ಮಷಿನ್ ಎರಡು ಸಲ ಕಟಕಟ ಅಂದಿತು.

"ಜಂಬಮ್ಮಾ, ದುಡ್ಡು..."

"ಆಟೋ ಹೋಗಿಬಿಡತೈತಿ ನೋಡಬೇ. ಒಯ್ಯಿ."

ಗಂಗೋತ್ರಿ ಅವ್ವನ ಮುಖ ನೋಡಿದಳು. ಗೋಡೆಯ ಖಾಲಿ ಮೊಳೆ ನೋಡಿದಳು. ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಕತ್ತರಿ ಎತ್ತಿ, ಪಟ್ಟಿಯಲ್ಲಿ ಉಳಿದಿದ್ದ ದಾರದ ತುದಿ ಕತ್ತರಿಸಿದಳು. ಚೀಲವನ್ನು ತಾನೇ ಸೊಸೆಯ ಕೈಗೆ ಕೊಟ್ಟಳು.