ಅನುಕಂಪಾಸನ

ಮುತ್ತಲಹೊಳೆಯ ಹಳೆಯ ಸೇತುವೆಯ ಮೇಲೆ ಮರಳಿನ ಲಾರಿಯೊಂದು ಹತ್ತಿದ ಕೂಡಲೇ, ಬಹುದೂರದ ತಾಲ್ಲೂಕು ಕಚೇರಿಯಲ್ಲಿ ಎಂಜಿನಿಯರ್ ದಾನಪ್ಪ ಬೆನ್ನೂರರ ಕುರ್ಚಿ ಗಡಗಡನೆ ಅಲುಗಿತು. ಬಸಿಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. ಸಾಹೇಬರು ಎದ್ದು ನಿಂತರು. ಅಂದಿನಿಂದ ಅವರು ಕೂತದ್ದನ್ನು ಯಾರೂ ಕಾಣಲಿಲ್ಲ.

ಆ ಕುರ್ಚಿಯ ಹೆಸರು ಅನುಕಂಪಾಸನ. ರಚಿಸಿದವರು ವಿಜ್ಞಾನಿ ಡಾ. ಶಕುಂತಲಾ ಕಟಗೇರಿ. ಸೇತುವೆಯ ಕಂಬ, ತೊಲೆಗಳಿಗೆ ಕೂರಿಸಿದ ಕಂಪಗ್ರಾಹಿಗಳು ಪ್ರತಿಯೊಂದು ಅಲುಗಾಟವನ್ನೂ ಹಿಡಿದು ಆ ಕ್ಷಣವೇ ಕುರ್ಚಿಗೆ ಮುಟ್ಟಿಸುತ್ತಿದ್ದವು. ಸೇತುವೆ ಆರೋಗ್ಯವಾಗಿದ್ದರೆ ಕುರ್ಚಿ ಮೆಲ್ಲಗೆ ತೂಗುತ್ತದೆ. ಒಳಗೆ ಸವೆದಿದ್ದರೆ ಕುಲುಕುತ್ತದೆ. ಸೇತುವೆಗಳ ವರದಿಗಳೆಲ್ಲ ಕಪಾಟಿನಲ್ಲೇ ಮಲಗುವುದನ್ನು ಕಂಡು ಬೇಸತ್ತ ಸರ್ಕಾರ, ಸೇತುವೆಯ ಹೊಣೆ ಹೊತ್ತವರು ಇದರಲ್ಲೇ ಕೂರಬೇಕು, ಅವರ ಕೋಣೆಗೆ ಬಸ್ ನಿಲ್ದಾಣದ ಕಡೆ ಗಾಜಿನ ಗೋಡೆಯಿರಬೇಕು ಎಂದು ಕಾನೂನು ಮಾಡಿತ್ತು. ಸೇತುವೆಯ ಗೇಟು ಮುಚ್ಚಲು ಕುರ್ಚಿಯ ಕೈಗೆ ‘ಬಂದ್’ ಎಂದು ಬರೆದ ಗುಂಡಿ. ಕೂತವರು ಒತ್ತಿದರಷ್ಟೇ ಅದು ಕೆಲಸ ಮಾಡುತ್ತಿತ್ತು. ನಡುಕ ಅರಿತವರಿಗೇ ಅಧಿಕಾರ ಎಂಬುದು ಡಾಕ್ಟರರ ವಿಚಾರ.

ಸೇತುವೆ ಮುಚ್ಚಿದರೆ ಮೇಲಿನವರಿಗೆ ಉತ್ತರ ಹೇಳಬೇಕು. ನಿಂತರೆ ಕಾಲು ನೋಯುವುದಷ್ಟೇ. ದಾನಪ್ಪನವರು ನಿಂತೇ ಇದ್ದರು. ಗಾಜಿನಾಚೆಯಿಂದ ನೋಡಿದ ಜನ, ಎಂಥ ವಿನಯವಂತ ಅಧಿಕಾರಿಯಪ್ಪ ಎಂದು ಕೊಂಡಾಡಿದರು.

ಒಂದು ಮಧ್ಯಾಹ್ನ ನಿಂಬವ್ವ ಬಂದಳು. ಅವಳ ಗಂಡ ಯಮನಪ್ಪ ಇದೇ ಇಲಾಖೆಯಲ್ಲಿ ರಸ್ತೆ ಕೆಲಸದಲ್ಲಿದ್ದು, ಜ್ವರ ಬಂದು ತೀರಿಕೊಂಡಿದ್ದ. ಅನುಕಂಪದ ಆಧಾರದ ಮೇಲೆ ತನಗೆ ಸಿಗಬೇಕಾದ ನೌಕರಿಗಾಗಿ ಅವಳು ಅಲೆಯುತ್ತಿದ್ದಳು. ಸಹಿ ಹಾಕಬೇಕಾದವರು ಬೆನ್ನೂರ ಸಾಹೇಬರೇ. ಅವರು ಊಟ ಮುಗಿಸಿ ಕೈ ತೊಳೆಯಲು ಹೋಗಿದ್ದರು. ಖಾಲಿ ಕುರ್ಚಿಯ ಬೆನ್ನಿಗಿದ್ದ ಹಿತ್ತಾಳೆಯ ಹೆಸರನ್ನು ನಿಂಬವ್ವ ಅಕ್ಷರ ಕೂಡಿಸಿ ಓದಿದಳು. ಅನುಕಂಪದ ಮೇಲೆ ಬರುವವರಿಗೆ ಬೇರೆಯೇ ಕುರ್ಚಿ ಇಟ್ಟಿದ್ದಾರಲ್ಲ, ಸರ್ಕಾರಕ್ಕೂ ಕರುಳಿದೆ ಎಂದುಕೊಂಡು, ಕೈಮುಗಿದು ಕೂತಳು.

ಅತ್ತ ಸೇತುವೆಗೆ ಬಸ್ಸು ಬಂತು. ಕುರ್ಚಿ ಎಡಕ್ಕೆ ವಾಲಿ, ಕಟಕ್ಕೆಂದು ಕುಸಿದು ಮೇಲೆದ್ದಿತು. ಅವಳ ಚೀರಾಟಕ್ಕೆ ಸಾಹೇಬರು ಓಡಿಬಂದರು.

“ಏನಿಲ್ಲ ಏಳಬೇ ಯವ್ವಾ. ಹೊಳಿ ಸೇತುವಿ ಅಲುಗಾಡಿದ್ದು ಇಲ್ಲಿ ಗೊತ್ತಾಗತೈತಿ, ಅಷ್ಟ.”

“ಅದರ ಮ್ಯಾಲ ಮಂದಿ ಅದಾರೇನ್ರಿ?”

“ಬಸ್ಸು ದಾಟೇತಿ. ಇನ್ನ ಸಂಜೀಕ ಬರತೈತಿ.”

“ಹಂಗಾದ್ರ ಬಂದ್ ಮಾಡ್ರಲ್ಲ.”

“ಮೊದಲ ಏಳು ನೀ. ನಿನ್ನ ನೌಕರಿ ಸಹಿ ನನ್ನ ಕೈಯಾಗೈತಿ, ನೆನಪಿರಲಿ.”

ನಿಂಬವ್ವ ಏಳಲೆಂದು ಕುರ್ಚಿಯ ಕೈ ಹಿಡಿದಳು. ನೌಕರಿ ಸಿಗದಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಅಣ್ಣನ ಬಾಗಿಲಿಗೆ ಹೋಗಬೇಕಿತ್ತು. ಆದರೆ ಕುರ್ಚಿ ಇನ್ನೂ ಸಣ್ಣಗೆ ನಡುಗುತ್ತಿತ್ತು. ಆ ನಡುಕ ಬೆನ್ನಿನಿಂದ ಅವಳ ಎದೆಗೆ ಇಳಿದಿತ್ತು. ಮನೆದೇವರನ್ನು ನೆನೆದು ‘ಬಂದ್’ ಗುಂಡಿ ಒತ್ತಿದಳು.

“ನೌಕರಿ ಹೋದ್ರ ಹೋಗವಲ್ದ್ಯಾಕ ಬಿಡ್ರಿ ಸಾಹೇಬ್ರ,” ಎಂದು ಎದ್ದಳು. “ನೀವೂ ಒಮ್ಮಿ ಕೂತು ನೋಡ್ರಿ.”

ಮರುದಿನ ಸೇತುವೆ ಪರೀಕ್ಷಿಸಿದ ತಜ್ಞರು, ತೊಲೆಯೊಂದು ಒಳಗೊಳಗೇ ತುಕ್ಕು ತಿಂದದ್ದನ್ನು ಕಂಡು ತಲೆಯ ಮೇಲೆ ಕೈಯಿಟ್ಟರು. ವಿಷಯ ಮುಚ್ಚಿಡುವಂತಿರಲಿಲ್ಲ, ನಿಂಬವ್ವ ಗುಂಡಿ ಒತ್ತಿದ್ದನ್ನು ಗಾಜಿನಾಚೆ ಬಸ್ ನಿಲ್ದಾಣವೇ ನಿಂತು ನೋಡಿತ್ತು. ಹೊರಗಿನ ಹೆಂಗಸು ಸರ್ಕಾರಿ ಸೇತುವೆ ಮುಚ್ಚಿದ್ದು ಯಾವ ಆಧಾರದ ಮೇಲೆ ಎಂದು ಮೇಲಧಿಕಾರಿಗಳು ವಿಚಾರಣೆಯಲ್ಲಿ ಡಾ. ಶಕುಂತಲಾ ಅವರನ್ನು ಕೇಳಿದರು.

“ಅನುಕಂಪದ ಆಧಾರದ ಮೇಲೆ,” ಎಂದರು ಅವರು. “ಅನುಕಂಪ ಅಂದರೆ ಜೊತೆಗೂಡಿ ನಡುಗೋದು. ಆಕೆ ನಡುಗಿದಳು. ಇನ್ನು ಆಕೆಯ ನೇಮಕಾತಿಗೆ ಬೇರೆ ಆಧಾರ ಏನು ಬೇಕ್ರಿ ನಿಮಗ?”

ಅಧಿಕಾರಿಗಳು ಸಹಿ ಹಾಕಿದರು. ನಿಂಬವ್ವನಿಗೆ ನೌಕರಿಯಾಯಿತು, ಅದೂ ಆ ಕುರ್ಚಿಯಲ್ಲಿಯೇ. ನಿಂತು ರೂಢಿಯಾಗಿದ್ದ ದಾನಪ್ಪನವರನ್ನು ದುರಸ್ತಿ ನೋಡಿಕೊಳ್ಳಲು ಸೇತುವೆಯ ಮೇಲೆಯೇ ನಿಲ್ಲಿಸಿದರು. ಕೆಲಸ ಅಚ್ಚುಕಟ್ಟಾಗಿಯೇ ಆಯಿತು.

ಈಗ ಬಸ್ಸು ದಾಟುವಾಗ ಕುರ್ಚಿ ಹಿತವಾಗಿ ತೂಗುತ್ತದೆ, ನಿಂಬವ್ವನಿಗೆ ಜೊಂಪು ಹತ್ತುತ್ತದೆ. ಸರ್ಕಾರಿ ಕಚೇರಿಯಲ್ಲಿ ನಿದ್ದೆ ಮಾಡುವವರನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದ ಜನ ಗಾಜಿನೊಳಗೆ ಇಣುಕಿ, “ಅಕ್ಕಾರು ಮಲಗ್ಯಾರ, ಹತ್ರಿ ಹತ್ರಿ,” ಎಂದು ನಿಶ್ಚಿಂತೆಯಿಂದ ಬಸ್ಸು ಹತ್ತುತ್ತಾರೆ.