ಸಾಮಾನ್ಯ ಮಳೆ ಎಂದವನು

"ಇದನ್ನ ಕಣ್ಣು ಬಿಟ್ಟು ನೋಡಿ!"

ಹೊಲದಿಂದ ಕಿತ್ತು ತಂದ ಟೊಮೆಟೊ ಸಸಿಗಳ ಕಟ್ಟನ್ನು ಅವಳು ಮಳೆ ಮುನ್ಸೂಚನೆ ಕೊಡುವವನ ಕೀಬೋರ್ಡಿನ ಮೇಲೆಯೇ ಎಸೆದಳು. ಒಣಮಣ್ಣು ಮೇಜಿನ ತುಂಬ ಚೆಲ್ಲಿತು. ಹವಾಮಾನ ಕೇಂದ್ರದ ಆ ಕೋಣೆಯಲ್ಲಿ ಎಲ್ಲರೂ ಕುರ್ಚಿ ತಿರುಗಿಸಿ ನೋಡಿದರು.

"ನೀವು... ಯಾರು?"

"ಗುಡ್ಡದ ಕೆಳಗಿನ ನರ್ಸರಿಯವಳು. ಈ ಸಲ ಸಾಮಾನ್ಯ ಮಳೆ ಅಂದವರು ನೀವೇ ತಾನೆ?"

ದನಿ ಕೇಳಿದೊಡನೆ ಅವಳಿಗೆ ಗೊತ್ತಾಗಿತ್ತು. ವಾರವಾರ ಮಳೆ ಸುದ್ದಿ ಹೇಳುತ್ತ ಬೆಳೆಗಾರರ ಫೋನಿಗೆ ಬರುತ್ತಿದ್ದ ದನಿ ಇದೇ! ಅವಳು ಅದನ್ನು ಸುಮ್ಮಸುಮ್ಮನೆ ಎರಡೆರಡು ಸಲ ಕೇಳುತ್ತಿದ್ದಳು. ಹಾಳಾದ್ದು, ಎದುರಿಗೂ ಅಷ್ಟೇ ಚೆನ್ನಾಗಿತ್ತು. ಸಿಟ್ಟು ಇನ್ನೂ ನೆತ್ತಿಗೇರಿತು.

"ಮೇಡಂ, ಒಟ್ಟು ಮಳೆ ಸಾಮಾನ್ಯವಾಗೇ ಆಗಿದೆ. ಅಂದ್ರೆ, ಹಿಂದಿನ ವರ್ಷಗಳ ಸರಾಸರಿಯಷ್ಟು..."

"ಒಟ್ಟು ಮಳೇನ ಬಿಂದಿಗೇಲಿ ಹಿಡಿದಿಟ್ಕೊಂಡು ದಿನಾ ಹಾಕ್ಲಾ? ಮೊದಲು ಸುರೀತು, ನಾಟಿ ಮಾಡಿದ್ವಿ. ಆಮೇಲೆ ಹನಿ ಇಲ್ಲ. ಸಸಿ ಸತ್ತ ಮೇಲೆ ಮತ್ತೆ ಧೋ ಅಂತ ಸುರೀತು!"

ಅವನು ತಲೆ ತಗ್ಗಿಸಿದ.

"ನಡುವೆ ಮಳೆ ಬಿಡಬಹುದು ಅಂತ... ಗೊತ್ತಿತ್ತು."

"ಏನು?!"

"ಕಂಪ್ಯೂಟರಲ್ಲಿ ಲೆಕ್ಕ ಹತ್ತು ಸಲ ಓಡಿಸ್ತೀವಿ. ಆರು ಸಲ ಹಾಗೇ ತೋರಿಸ್ತು. ಖಚಿತ ಇರಲಿಲ್ಲ. ಸುಮ್ಮನೆ ಯಾಕೆ ಹೆದರಿಸೋದು ಅಂತ..."

"ಹತ್ತರಲ್ಲಿ ಆರು ಸಲ ಬಸ್ ಬರಲ್ಲ ಅಂತ ಗೊತ್ತಿದ್ರೆ ನೀವು ನಿಲ್ದಾಣದಲ್ಲಿ ಕಾಯ್ತೀರಾ? ನಿಮ್ಮ ಮಾತು ನಂಬಿ ನಾನು ಹೇಳ್ದೆ, ನನ್ನ ಮಾತು ನಂಬಿ ಊರೆಲ್ಲ ನೆಟ್ಟರು. ಈಗ ನಮ್ಮ ದೊಡ್ಡಪ್ಪನೇ ನನ್ನ ಮುಖ ನೋಡಲ್ಲ. ನಾನೇ ಸತ್ತ ಸಸಿ ಮಾರಿದೆ ಅಂತಾರೆ!"

ಕಣ್ಣು ತುಂಬಿತು. 'ಇವನ ಮುಂದೆ ಅಳಬಾರದು...' ಅವಳು ದಡದಡನೆ ಮೆಟ್ಟಿಲಿಳಿದಳು.

ಮುಂದಿನ ಹಂಗಾಮಿಗೆ ಮೊದಲು ಬೆಳೆಗಾರರ ಸಭೆ ಸೇರಿತು. ಈ ಸಲ ಯಾರೂ ಸಸಿ ಬೇಡವೆಂದರೆ ನರ್ಸರಿಗೆ ಬೀಗ. ಅವಳು ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು. ದೊಡ್ಡಪ್ಪ ಬೇಕೆಂದೇ ಅವಳಿಗೆ ಬೆನ್ನು ಹಾಕಿ ಕೂತಿದ್ದರು.

ಕರೆಯದೇ ಬಂದ ಹವಾಮಾನ ಕೇಂದ್ರದವನನ್ನು ಕಂಡು ಅವಳ ಮೈ ಉರಿಯಿತು. 'ಯಾವ ಮುಖ ಇಟ್ಟುಕೊಂಡು ಬಂದ!'

ಅವನು ಎದ್ದು ನಿಂತ. "ಹೋದ ಸಲದ ತಪ್ಪು ನಂದು. ಮಳೆ ಬಿಡಬಹುದು ಅಂತ ಗೊತ್ತಿದ್ದೂ ನಾನು ಹೇಳಲಿಲ್ಲ. ಈ ನರ್ಸರಿಯವರಿಗೆ ಏನೂ ಗೊತ್ತಿರಲಿಲ್ಲ. ಬೈಯೋದಾದ್ರೆ ನನ್ನ ಬೈರಿ."

ಬೈದರು. ಹಿಗ್ಗಾಮುಗ್ಗಾ ಬೈದರು. ಅವನು ಅಲ್ಲಾಡದೆ ಕೇಳಿಸಿಕೊಂಡ.

"ಈ ಸಲಾನೂ ಹತ್ತರಲ್ಲಿ ಏಳು ಸಲ, ಮೊದಲ ಮಳೆ ಆದ್ಮೇಲೆ ಬಿಡುತ್ತೆ ಅಂತಿದೆ. ಎರಡನೇ ಮಳೆವರೆಗೂ ಕಾದು ನಾಟಿ ಮಾಡಿ."

"ಗ್ಯಾರಂಟಿ ಕೊಡ್ತೀಯೇನಯ್ಯಾ?" ದೊಡ್ಡಪ್ಪ ಗುಡುಗಿದರು.

"ಇಲ್ಲ ಯಜಮಾನ್ರೇ. ನನಗೆ ಗೊತ್ತಿರೋಷ್ಟನ್ನೂ ಹೇಳಿದೀನಿ."

ದೊಡ್ಡಪ್ಪ ಮೊದಲ ಸಲ ಹಿಂದಕ್ಕೆ ತಿರುಗಿದರು. "ನೀನೇನಂತೀಯಮ್ಮಾ?"

ಸಭೆಯೆಲ್ಲ ಅವಳತ್ತ ನೋಡಿತು. ಇನ್ನೊಮ್ಮೆ ನಂಬಿ ಇನ್ನೊಮ್ಮೆ ಕೆಟ್ಟರೆ...?

"ಇವರ ಮೇಲೆ ನನಗೆ ಕೆಂಡದಂಥ ಕೋಪ ಇದೆ, ದೊಡ್ಡಪ್ಪ. ಆದ್ರೆ ಕಾಯೋಣ. ಎರಡನೇ ಮಳೆಗೆ ಸಸಿ ಹದವಾಗಿರ್ಲಿ ಅಂತ ನಾನೂ ಅರ್ಧ ಬೀಜ ತಡವಾಗೇ ಹಾಕ್ತೀನಿ."

ಮಳೆ ಬಂತು, ಬಿಟ್ಟಿತು, ಮತ್ತೆ ಬಂತು. ಎರಡನೇ ಮಳೆಯ ಮರುದಿನ ನರ್ಸರಿಯಲ್ಲಿ ಸಸಿ ಒಯ್ಯುವವರ ಸಾಲು. ಎಲ್ಲರಿಗಿಂತ ಮುಂದೆ ದೊಡ್ಡಪ್ಪ! ಅವಳು ಎಲ್ಲಕ್ಕಿಂತ ಗಟ್ಟಿ ಸಸಿಗಳ ಕಟ್ಟನ್ನು ಆರಿಸಿ ಅವರ ಕೈಗಿಟ್ಟಳು.

ಸಾಲು ಕರಗಿದ ಮೇಲೂ ಅವನು ಮಾತ್ರ ಬಾಗಿಲಲ್ಲೇ ನಿಂತಿದ್ದ.

"ನಿಮಗೂ ಸಸಿ ಬೇಕಾ?"

"ಇಲ್ಲ... ಒಂದು ವಿಷಯ ಹೇಳ್ಬೇಕಿತ್ತು. ಹೇಳಿದ್ರೆ ನೀವು ಬೈತೀರ."

"ಬೈತೀನಿ. ಬಚ್ಚಿಟ್ರೆ ಇನ್ನೂ ಜಾಸ್ತಿ ಬೈತೀನಿ!"

"ನೀವು ಅಂದ್ರೆ ನನಗೆ ತುಂಬಾ ಇಷ್ಟ. ಅವತ್ತು ನನ್ನ ಮೇಜಿನ ಮೇಲೆ ಮಣ್ಣು ಚೆಲ್ಲಿದ ದಿನದಿಂದ."

ಅವಳು ಕೆನ್ನೆಗಿಳಿದ ಕಣ್ಣೀರನ್ನು ತೋಳಿನಿಂದ ಒರೆಸಿಕೊಂಡಳು. ದನಿಯಲ್ಲಿ ಮಾತ್ರ ಸಿಟ್ಟು ಹಾಗೇ ಇತ್ತು.

"ಅವತ್ತಿಂದ ಗೊತ್ತಿದ್ದೂ ಇವತ್ತು ಹೇಳ್ತಿದೀರಾ?"